ಭಜನೆ ವ್ಯಾನಿನ ಬೆಳಕು

ಕಳೆದ ವಾರ ಬನಶಂಕರಿಯ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಸಾಲಿನಲ್ಲಿ ಕಾಯುತ್ತಿದ್ದೆ. ಮುಂದಿದ್ದ ಹೆಂಗಸು ತಲೆ ತುಂಬ ಮಲ್ಲಿಗೆ ಮುಡಿದಿದ್ದರು. ಪೆಟ್ರೋಲು, ಮಲ್ಲಿಗೆ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಹಿಂದಿನವನು ಹಾರ್ನ್ ಹೊಡೆದು ಎಚ್ಚರಿಸುವವರೆಗೂ ನಾನು ಅಲ್ಲಿರಲೇ ಇಲ್ಲ. ಚಿಕ್ಕಲಸಂದ್ರದ ಒಂದು ಹಳೇ ಬಿಳಿ ವ್ಯಾನಿನಲ್ಲಿ, ನಮ್ಮ ಓನರ್ ಆಂಟಿಯ ಪಕ್ಕದ ಸೀಟಿನಲ್ಲಿ ಕೂತಿದ್ದೆ...

ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ನನ್ನದು ಆಡಿಟರ್ ಆಫೀಸಿನ ಕೆಲಸ, ಒಂಟಿ ಸಂಸಾರ. ಕೆಳಗೆ ಆಂಟಿಯೂ ಒಬ್ಬರೇ. ಅಂಕಲ್ ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುತ್ತಿದ್ದವರು, ಪಾತ್ರೆ ಸಾಗಿಸಲೆಂದು ಆ ವ್ಯಾನ್ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ನೆಂಟರೆಲ್ಲ ಸೇರಿ ವ್ಯಾನ್ ಮಾರಿಬಿಡಿ ಎಂದರಂತೆ. ಆಂಟಿ ಎಲ್ಲರ ಮುಂದೆ ಹೂಂಗುಟ್ಟಿ, ಮರುವಾರವೇ ಸದ್ದಿಲ್ಲದೆ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು. ಆಗಲೇ ಅವರಿಗೆ ಐವತ್ತು ದಾಟಿತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಮಡಚಿಟ್ಟಿದ್ದ ಹಿಂದಿನ ಸೀಟುಗಳನ್ನು ಮತ್ತೆ ಕೂರಿಸಿದರು. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ತಮ್ಮ ಭಜನಾ ಮಂಡಳಿಯ ಐದು ಹೆಂಗಸರನ್ನು ಹತ್ತಿಸಿಕೊಂಡು ಈ ವಾರ ಜೆ.ಪಿ. ನಗರ, ಮುಂದಿನ ವಾರ ಕೋಣನಕುಂಟೆ ಅಂತ ಕರೆದ ಮನೆಗೆಲ್ಲ ಹೊರಟುಬಿಡುವುದು.

ನಾನು ಹಾಡುವವಳಲ್ಲ. ಕೋಸಂಬರಿಗೆ ಹೋಗುತ್ತಿದ್ದೆ, ಮುಚ್ಚುಮರೆ ಏನೂ ಇಲ್ಲ. ಆದರೆ ಆ ವ್ಯಾನಿನಲ್ಲಿ ಆರು ಹೆಂಗಸರು ಒಟ್ಟಿಗೆ ನಗುವುದನ್ನು ಕೇಳಿದವರಿಗೆ, ಅದು ಬರೀ ದೇವರ ಕೆಲಸವಲ್ಲ ಅಂತ ಗೊತ್ತಾಗುತ್ತಿತ್ತು. ವಾರದಲ್ಲಿ ಆರು ದಿನ ಅವರೆಲ್ಲ ಯಾರದೋ ಅಮ್ಮ, ಅತ್ತೆ, ಅಜ್ಜಿ. ಶುಕ್ರವಾರದ ಸಂಜೆಯೊಂದು ಅವರದೇ ಆಗಿತ್ತು.

ವ್ಯಾನಿನ ಲೈಟು ಮಾತ್ರ ತೀರಾ ಮಂಕು. ಕೋಣನಕುಂಟೆಯ ಒಳರಸ್ತೆಯೊಂದರಲ್ಲಿ ಬೀದಿದೀಪ ಕೆಟ್ಟಿದ್ದ ಸಂಜೆ ಹಂಪ್ ಕಾಣದೆ ಆಂಟಿ ಹಾಗೇ ಹತ್ತಿಸಿದರು. ಎಲ್ಲರ ತಲೆಯೂ ಮೇಲಕ್ಕೆ ಬಡಿಯಿತು, ಹಾರ್ಮೋನಿಯಂ ಕೆಳಗೆ ಉರುಳಿತು. ಅದನ್ನು ನುಡಿಸುತ್ತಿದ್ದವರನ್ನು ನಾವೆಲ್ಲ ಹಾರ್ಮೋನಿಯಂ ಅಕ್ಕ ಅನ್ನುತ್ತಿದ್ದೆವು. ಅವರು ದಾರಿಯುದ್ದಕ್ಕೂ ಪೆಟ್ಟಿಗೆ ಸವರುತ್ತ ಕೂತರು. ಮಾರನೇ ದಿನವೇ ಆಂಟಿ ಗಾಡಿ ಸಾಮಾನು ಸಿಗುವ ಜೆ.ಸಿ. ರೋಡಿಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಬಿಳಿ ಬಲ್ಬುಗಳನ್ನು ತಂದರು. ಮೂಲೆ ಗ್ಯಾರೇಜಿನವನು ಹಳೆಯದನ್ನು ಕಿತ್ತು ಹೊಸದನ್ನು ಹಾಕಿ ಕೈತೊಳೆದುಕೊಂಡ.

ರಸ್ತೆ ಹಗಲಿನಂತೆ ಕಾಣತೊಡಗಿತು. ತೊಂದರೆ ಶುರುವಾಗಿದ್ದು ಎದುರಿಗೆ ಬರುವವರಿಗೆ. ಕಾರಿನವರು ಲೈಟ್ ಮಿಟುಕಿಸಿ ಬೈದರು, ಬೈಕಿನವರು ಬಾಯಲ್ಲೇ ಬೈದರು. ಒಬ್ಬ ಆಟೊದವನು ಗಾಡಿ ನಿಲ್ಲಿಸಿಯೇ ಕೇಳಿದ: “ಏನ್ ಆಂಟಿ, ಸ್ಟೇಡಿಯಂ ಲೈಟ್ ಕಟ್ಕೊಂಡ್ ಬಂದಿದ್ದೀರಾ?”

ಬಲ್ಬು ಬದಲಾಯಿಸಿದರೆ ಸಾಲದು, ಬೆಳಕು ಬೀಳುವ ಮಟ್ಟವನ್ನೂ ಸರಿಮಾಡಬೇಕು ಅಂತ ಫೋನಿನಲ್ಲಿ ವಿಡಿಯೊ ನೋಡಿ ತಿಳಿದುಕೊಂಡೆವು. ನಮ್ಮ ಬೀದಿಯ ಕೊನೆಗೆ ಖಾಲಿ ಸೈಟು, ಅದಕ್ಕೊಂದು ಎತ್ತರದ ಗೋಡೆ, ಮುಂದೆ ಸಮನಾದ ನೆಲ. ಕತ್ತಲಾಗುವ ಹೊತ್ತಿಗೆ ಗೋಡೆಯಿಂದ ನಾಲ್ಕು ಮಾರು ದೂರಕ್ಕೆ ವ್ಯಾನ್ ನಿಲ್ಲಿಸಿದೆವು. ಆಂಟಿ ಹೂ ಕಟ್ಟುವ ದಾರಕ್ಕೆ ನೆನೆಸಿದ ಅರಿಶಿನ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ಗೋಡೆಗೆ ಪಟ್ಟನೆ ಬಿಟ್ಟರು. ಲೈಟಿನ ಎತ್ತರಕ್ಕೆ ಒಂದು ಹಳದಿ ಗೆರೆ, ಅದರ ಕೆಳಗೆ ಮೂರು ಬೆರಳು ಬಿಟ್ಟು ಇನ್ನೊಂದು. ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬಂದು ಕೂರಬೇಕು. ಡ್ರೈವರ್ ಸೀಟಿನಲ್ಲಿ ಯಾರಾದರೂ ಇರಲೇಬೇಕು ಅಂತ ವಿಡಿಯೊದವನು ಒತ್ತಿ ಹೇಳಿದ್ದ, ಹಾಗಾಗಿ ಆಂಟಿ ಅಲ್ಲಿ ಕೂತರು. ನಾನು ಲೈಟಿನ ಪಕ್ಕದ ಸ್ಕ್ರೂ ತಿರುಗಿಸಿದೆ. ಬೆಳಕು ಇಳಿಯಿತು, ಗೆರೆಗೆ ಕೂತಿತು. ಮರುದಿನ ಬೆಳಿಗ್ಗೆ ನೋಡಿದರೆ ಅರಿಶಿನದ ಗೆರೆ ಕಂಡು ಯಾರೋ ಪುಣ್ಯಾತ್ಮರು ಗೋಡೆಯ ಬುಡದಲ್ಲಿ ಎರಡು ದಾಸವಾಳ ಇಟ್ಟು ಹೋಗಿದ್ದರು.

ಅಷ್ಟೆಲ್ಲ ಮಾಡಿಯೂ ಆ ಶುಕ್ರವಾರ ಹಳೇ ಕಥೆಯೇ. ಎದುರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬರು ಕಣ್ಣು ಕುಕ್ಕಿ, ರಸ್ತೆ ಬಿಟ್ಟು ಮರಳಿನ ರಾಶಿಗೆ ನುಗ್ಗಿದರು. ಪೆಟ್ಟೇನೂ ಆಗಲಿಲ್ಲ. ಮರಳು ಕೊಡವುತ್ತ ಎದ್ದು ಬಂದವರನ್ನು ನೋಡಿದರೆ ಹಾರ್ಮೋನಿಯಂ ಅಕ್ಕನ ಮಗ.

ಕೂಗಾಡಿದ್ದರೆ ವಾಸಿಯಿತ್ತು. ಆತ ತಣ್ಣಗೆ ಹೇಳಿದ: “ಆಂಟಿ, ಇದೇ ಜಾಗದಲ್ಲಿ ಬರೋ ಶುಕ್ರವಾರ ನಾನೇ ಎದುರಿಗೆ ಬರ್ತೀನಿ. ಆಗಲೂ ಕಣ್ಣಿಗೆ ಹೊಡೀತು ಅಂದ್ರೆ ಅಮ್ಮನ್ನ ಇನ್ನು ಕಳಿಸಲ್ಲ. ಬೇಜಾರ್ ಮಾಡ್ಕೋಬೇಡಿ, ನೀವೂ ವ್ಯಾನ್ ಮಾರಿ ಆರಾಮಾಗಿರಿ.”

ಹಾರ್ಮೋನಿಯಂ ಇಲ್ಲದಿದ್ದರೆ ಮಂಡಳಿ ಇಲ್ಲ. ಒಬ್ಬರ ಮನೆಯಲ್ಲಿ ಬೇಡ ಅಂದರೆ ಉಳಿದ ಮನೆಗಳಲ್ಲೂ ಬೇಡ ಅನ್ನುತ್ತಾರೆ. ಅದು ಆಂಟಿಗೂ ಗೊತ್ತಿತ್ತು. ಎಲ್ಲರನ್ನೂ ಅವರವರ ಮನೆಗೆ ಬಿಟ್ಟು ಬಂದ ಮೇಲೆ ಗೇಟಿನ ಮುಂದೆ ಎಂಜಿನ್ ಆರಿಸಿ, ಇಳಿಯದೆ ಕೂತೇ ಇದ್ದರು. ಅವರನ್ನು ಅಷ್ಟು ಸಪ್ಪಗೆ ನಾನು ಕಂಡಿರಲಿಲ್ಲ. ಕೊನೆಗೆ ಅವರೇ ಕೇಳಿದರು:

“ಒಂದು ಗಮನಿಸಿದ್ಯೇನೇ? ಹೋಗ್ತಾ ಎಲ್ರೂ ಬೈತಾರೆ. ಎಲ್ರನ್ನೂ ಇಳಿಸಿ ವಾಪಸ್ ಬರ್ತಾ ಒಬ್ರೂ ಬೈಯಲ್ಲ.”

“ಹೋಗ್ತಾ ನೀವೆಲ್ಲ ಹಾಡ್ತೀರಲ್ಲ ಆಂಟಿ, ಅದಕ್ಕಿರಬೇಕು” ಅಂದೆ, ನಗಿಸೋಣವೆಂದು.

ಅವರು ನಗಲಿಲ್ಲ. ನಿಧಾನಕ್ಕೆ ತಿರುಗಿ ಹಿಂದಿನ ಖಾಲಿ ಸೀಟುಗಳನ್ನೇ ನೋಡಿದರು. ಹಾಗೇ ಮುಖ ಅರಳಿತು. “ಹಿಂದೆ ಭಾರ ಬಿದ್ರೆ ಮುಂದಿನ ಮೂತಿ ಮೇಲೇಳುತ್ತೆ ಕಣೇ. ನಾವು ಖಾಲಿ ವ್ಯಾನ್ ನಿಲ್ಲಿಸ್ಕೊಂಡು ಲೈಟ್ ಗೆರೆಗೆ ಕೂರಿಸಿದ್ವಿ!”

ಅಂದರೆ ಗೋಡೆಯ ಮುಂದೆ ಮಂಡಳಿ ಪೂರ್ತಿ ವ್ಯಾನಿನಲ್ಲಿ ಕೂರಬೇಕು. ಆದರೆ ನಿಮ್ಮ ಭಾರ ಬೇಕಾಗಿದೆ ಅಂತ ಆ ಹೆಂಗಸರಿಗೆ ಹೇಳುವವರು ಯಾರು? ತೂಕದ ಮಾತೆತ್ತಿದರೆ ಹಾರ್ಮೋನಿಯಂ ಅಕ್ಕ ಮುಂದಿನ ಹಬ್ಬದವರೆಗೂ ಮಾತು ಬಿಡುವವರು. ಆಂಟಿ ಎಲ್ಲರಿಗೂ ಫೋನ್ ಮಾಡಿ, ಗುರುವಾರ ಸಂಜೆ ಪ್ರಾಕ್ಟೀಸು, ಮನೆಗೆ ಸುಣ್ಣ ಹೊಡೆಸ್ತಿದ್ದೀನಿ, ವ್ಯಾನಿನಲ್ಲೇ ಕೂತು ಹಾಡೋಣ ಅಂದರು. ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ನಮ್ಮ ಆಫೀಸಿನಲ್ಲೂ ನಾನು ಕಂಡಿರಲಿಲ್ಲ.

ಗುರುವಾರ ಎಲ್ಲರೂ ಬಂದರು, ಹಾರ್ಮೋನಿಯಂ ಸಮೇತ. ಒಬ್ಬೊಬ್ಬರು ಹತ್ತಿದಂತೆ ಗೋಡೆಯ ಮೇಲಿನ ಬೆಳಕು ಮೇಲೇರುತ್ತ ಹೋಯಿತು. ಹಾರ್ಮೋನಿಯಂ ಅಕ್ಕ ಕೂತಾಗಂತೂ ಮೇಲಿನ ಗೆರೆಯನ್ನೂ ದಾಟಿತು. ಆಂಟಿ ಸ್ಟಿಯರಿಂಗ್ ಹಿಡಿದು, ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಒಳಗೆ ದೇವರನಾಮ ಶುರುವಾಯಿತು, ಹೊರಗೆ ನಾನು ಸ್ಕ್ರೂ ತಿರುಗಿಸಿದೆ. ವಾಕಿಂಗ್ ಹೊರಟಿದ್ದ ದಂಪತಿ, ಗೋಡೆಗೆ ಮುಖ ಮಾಡಿ ಭಜನೆ ಮಾಡುತ್ತಿದ್ದ ವ್ಯಾನನ್ನು ನೋಡಿ ಚಪ್ಪಲಿ ಬಿಟ್ಟು ಕೈಮುಗಿದರು. ಕೊನೆಗೆ ಹಾರ್ಮೋನಿಯಂ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು: “ಏನೇ ಮಾಡ್ತಿದ್ದೀಯ ಅಲ್ಲಿ?” ಆಂಟಿಯ ನಗು ಒಡೆಯಿತು, ನಿಜ ಹೊರಬಿತ್ತು. ಎಲ್ಲರೂ ಹಾರ್ಮೋನಿಯಂ ಅಕ್ಕನ ಮುಖ ನೋಡಿದರು. ಆಮೇಲೆ ಅಕ್ಕನೇ ಗಂಭೀರವಾಗಿ ಅಂದರು: “ಮೊದಲೇ ಹೇಳ್ಬಾರ್ದಿತ್ತಾ? ಮಧ್ಯಾಹ್ನ ಇನ್ನೊಂದು ಹೋಳಿಗೆ ತಿಂದ್ ಬರ್ತಿದ್ದೆ.”

ಶುಕ್ರವಾರ ಆ ರಸ್ತೆಗೆ ತಿರುಗಿದಾಗ ವ್ಯಾನಿನಲ್ಲಿ ಯಾರೂ ಹಾಡುತ್ತಿರಲಿಲ್ಲ. ದೂರದಲ್ಲಿ ಸ್ಕೂಟರಿನ ಒಂಟಿ ಲೈಟ್ ಕಂಡಿತು. ಹತ್ತಿರವಾಯಿತು. ನಿಧಾನವಾಗಲಿಲ್ಲ, ಲೈಟ್ ಮಿಟುಕಿಸಲಿಲ್ಲ, ನೆಟ್ಟಗೆ ನಮ್ಮ ಪಕ್ಕದಲ್ಲೇ ಹಾದುಹೋಯಿತು. ಆತ ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಆಂಟಿಯ ಕಿಟಕಿಯ ಹತ್ತಿರ ನಿಲ್ಲಿಸಿದ.

“ಆಂಟಿ, ನೀವು ಲೈಟ್ ಹಾಕಿದ್ರಾ?”

“ಹಾಕಿದ್ನಲ್ಲಪ್ಪ. ರಸ್ತೆಗೆ ಹಾಕಿದ್ದೆ, ನಿನ್ನ ಕಣ್ಣಿಗಲ್ಲ.”

ಆ ಕೇಕೆ, ಆ ಚಪ್ಪಾಳೆ... ಅವನೂ ನಕ್ಕುಬಿಟ್ಟ. ಆ ಸಂಜೆ ಮಂಡಳಿ ಹಾಡಿದ ಹಾಗೆ ಮತ್ತೆ ಯಾವತ್ತೂ ಹಾಡಲಿಲ್ಲ ಅಂತ ನನ್ನ ನಂಬಿಕೆ. ಹಾಡು ಬಾರದ ನಾನೂ ಬಾಯಿಬಿಟ್ಟು ಹಾಡಿದೆ, ಯಾರೂ ತಡೆಯಲಿಲ್ಲ. ಅಲ್ಲಿಂದ ಮುಂದೆ ಎಷ್ಟೋ ವರ್ಷ ಒಂದು ಶುಕ್ರವಾರವೂ ಆಂಟಿ ವ್ಯಾನ್ ತೆಗೆಯದೆ ಇರಲಿಲ್ಲ. ಮಾರುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಂಟಿ ಹೋಗಿ ಈಗ ವರ್ಷವಾಗುತ್ತ ಬಂತು. ನನಗೆ ವ್ಯಾನ್ ಓಡಿಸಲು ಕಲಿಸಿದ್ದೂ ಅವರೇ. ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ ಕೀಲಿ ನನ್ನ ಕೈಗಿಟ್ಟು, “ಶುಕ್ರವಾರ ತಪ್ಪಿಸ್ಬೇಡ” ಅಂದಿದ್ದರು. ತಪ್ಪಿಸಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಈಗ ಮೂವರೇ. ಒಬ್ಬರು ಆಂಟಿಗಿಂತ ಮೊದಲೇ ತೀರಿಕೊಂಡರು, ಇನ್ನೊಬ್ಬರಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲ. ಮೊನ್ನೆ ಹಾರ್ಮೋನಿಯಂ ಅಕ್ಕ ಹಿಂದಿನಿಂದ ಮೆಲ್ಲಗೆ ಕೇಳಿದರು: “ಬೆಳಕು ಯಾಕೋ ಹತ್ತಿರಾನೇ ಬೀಳ್ತಿದೆ ಅಲ್ವೇನೇ?” ಹೌದು. ತುಂಬಿದ ವ್ಯಾನಿಗೆ ಹೊಂದಿಸಿದ ಬೆಳಕು ಅದು. ಇಬ್ಬರು ಕಡಿಮೆಯಾದರು, ಹಿಂಭಾಗ ಹಗುರಾಯಿತು, ಬೆಳಕು ಇಳಿಯಿತು.

ಭಾನುವಾರ ಮುಸ್ಸಂಜೆಗೆ ಮತ್ತೆ ಗೋಡೆಯ ಮುಂದೆ ನಿಲ್ಲಿಸಿದೆವು. ದಾರ ಎಳೆದು ಹೊಸ ಗೆರೆ ಹಾಕಿದೆವು. ಇಬ್ಬರು ಹಿಂದೆ ಕೂತರು; ಹೊರಗೆ ನಿಂತು ಗೆರೆ ನೋಡಲೆಂದು ಹಾರ್ಮೋನಿಯಂ ಅಕ್ಕ ತಮ್ಮ ಜಾಗಕ್ಕೆ ಎರಡು ಅಕ್ಕಿ ಮೂಟೆ ಏರಿಸಿದ್ದರು. ಅಭ್ಯಾಸಬಲದಿಂದ ನಾನು ಸ್ಕ್ರೂಡ್ರೈವರ್ ಹಿಡಿದು ಲೈಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಆಮೇಲೆ ತಲೆ ಎತ್ತಿ ನೋಡಿದರೆ ಡ್ರೈವರ್ ಸೀಟು ಖಾಲಿ.

ಹಾರ್ಮೋನಿಯಂ ಅಕ್ಕ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು. ನಾನು ಹೋಗಿ ಆಂಟಿಯ ಜಾಗದಲ್ಲಿ ಕೂತೆ. ಬೆಳಕು ಸ್ವಲ್ಪ ಸ್ವಲ್ಪವೇ ಮೇಲೇರಿ ಬಂತು. “ಸಾಕೇನೇ? ಗೆರೆಗೆ ಬಂತಾ?” ಅಂತ ಅಕ್ಕ ಕೂಗಿ ಕೇಳುತ್ತಿದ್ದರು. ಕಣ್ಣು ಒರೆಸಿಕೊಳ್ಳುವವರೆಗೂ ನನಗೆ ಗೆರೆ ಕಾಣಲಿಲ್ಲ.