ಜಂಗಲಿನ ಮೇಲೆ ಬಸ್ಸೊಳಗೆ ಯಾರೂ ಕೂರುವಂತಿಲ್ಲ

ಹೋದ ವರ್ಷ ಒಂದು ಮದುವೆ ಊಟದ ಪಂಕ್ತಿಯಲ್ಲಿ ವಿಮಾನದ ಮಾತು ಬಂತು. ಶಿವಮೊಗ್ಗಕ್ಕೆ ಬರುವ ಫ್ಯಾನಿನ ಸಣ್ಣ ವಿಮಾನ ಹತ್ತಬಹುದೋ, ಬೆಂಗಳೂರಿಗೇ ಹೋಗಿ ದೊಡ್ಡ ಕಂಪನಿಯ ವಿಮಾನ ಹತ್ತಬೇಕೋ ಅಂತ ನನ್ನ ಎಡಬಲದವರು ಜಗಳಕ್ಕೆ ಬಿದ್ದಿದ್ದರು. ದೊಡ್ಡವರು ಎಲ್ಲ ನೋಡಿ ಬಿಡುತ್ತಾರೆ, ಸಣ್ಣವರು ದಾರದಲ್ಲಿ ಕಟ್ಟಿ ಹಾರಿಸುತ್ತಾರೆ ಅಂತ ಒಬ್ಬ ಹೇಳಿದ. ನಗಾಡಲಿಕ್ಕೆ ನನ್ನನ್ನೂ ಕೇಳಿದರು.

"ನೀವೆಂತ ಹೇಳ್ತೀರಿ ಅಜ್ಜಿ?"

"ಪಾಯಸ ತಣ್ಣಗಾಗ್ತದೆ, ತಿನ್ನಿ" ಅಂದೆ.

ನಾನು ವಿಮಾನ ಹತ್ತಿದವಳಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ದೊಡ್ಡ ಕಂಪನಿಯನ್ನೂ ಸಣ್ಣ ಕಂಪನಿಯನ್ನೂ ಒಂದೇ ದಿವಸ, ಒಂದೇ ಹೊಳೆಯ ಎರಡು ದಡದಲ್ಲಿ ನೋಡಿದ್ದೇನೆ. ಅದನ್ನು ಬರೆಯುತ್ತೇನೆ. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಆಗ ಶರಾವತಿಗೆ ಕಟ್ಟೆ ಕಟ್ಟುತ್ತಿದ್ದರು, ನೀರು ನಿಂತಿರಲಿಲ್ಲ. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸೇತುವೆ ಇಲ್ಲದ ಒಂದು ಕಡವು ಇತ್ತು. ಈಗ ಅದು ಹಿನ್ನೀರಿನ ತಳದಲ್ಲಿದೆ. ಅಲ್ಲಿ ಜಂಗಲ್ ನಡೆಸುತ್ತಿದ್ದವರು ನನ್ನ ಗಂಡನ ಅಪ್ಪ, ನನ್ನ ಮಾವ. ಎರಡು ದೊಡ್ಡ ದೋಣಿಗಳನ್ನು ಪಕ್ಕಪಕ್ಕ ಕಟ್ಟಿ ಮೇಲೆ ಹಲಗೆ ಬಡಿದರೆ ಅದೇ ಜಂಗಲ್. ಅದರ ಮೇಲೆ ಬಸ್ಸು ಹತ್ತಿಸಿ, ನಾಲ್ಕು ಜನ ಬಿದಿರಿನ ಗಳ ಊರಿ ಹೊಳೆ ದಾಟಿಸುತ್ತಿದ್ದರು. ನನ್ನ ಗಂಡ ಆ ನಾಲ್ವರಲ್ಲಿ ಒಬ್ಬ.

ದಿನಕ್ಕೆ ಎರಡು ಬಸ್ಸು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಬರುವುದು ಒಬ್ಬನೇ ಯಜಮಾನನ ಒಂದೇ ಬಸ್ಸು. ಅದರ ಬಾಗಿಲಿಗೆ ಚಿಲಕ ಇರಲಿಲ್ಲ, ಹಗ್ಗ. ಕೈಬ್ರೇಕು ಎಳೆದರೆ ಕೈಗೆ ಬರುತ್ತಿತ್ತೇ ಹೊರತು ಬಸ್ಸು ನಿಲ್ಲುತ್ತಿರಲಿಲ್ಲ. ನಿಲ್ಲಿಸಿದಲ್ಲೆಲ್ಲ ಕಂಡಕ್ಟರ್ ಕಲ್ಲು ಹಿಡಿದುಕೊಂಡು ಚಕ್ರದ ಹತ್ತಿರ ಓಡಬೇಕು. ಆದರೆ ಕೈ ಅಡ್ಡ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದರು, ಕೋಳಿ ಬುಟ್ಟಿ ಸಮೇತ. ಸಾಗರದ ಕಡೆಯಿಂದ ಬರುವುದು ದೊಡ್ಡ ಕಂಪನಿಯ ಬಸ್ಸು. ಡ್ರೈವರಿಗೆ ಖಾಕಿ, ಕಂಡಕ್ಟರಿಗೆ ಸೀಟಿ, ಒಂದು ರೂಲಿನ ಪುಸ್ತಕ. ಸೀಟು ತುಂಬಿದರೆ ಆಯಿತು, ದೇವರು ಕೈ ಅಡ್ಡ ಮಾಡಿದರೂ ನಿಲ್ಲುತ್ತಿರಲಿಲ್ಲ. ಎರಡೂ ಮಧ್ಯಾಹ್ನದ ಹೊತ್ತಿಗೆ ಹೊಳೆಯ ಆಚೆ ಈಚೆ ಬಂದು ನಿಂತು, ಒಂದಾದ ಮೇಲೊಂದು ದಾಟುತ್ತಿದ್ದವು.

ಮಾವನದ್ದು ಒಂದೇ ಕಾನೂನು. ಬಸ್ಸು ಜಂಗಲ್ ಹತ್ತುವ ಮುಂಚೆ ಒಳಗಿದ್ದವರೆಲ್ಲ ಇಳಿಯಬೇಕು. ಕುಂಟ ಇರಲಿ, ಕುರುಡ ಇರಲಿ, ಹಲಗೆಯ ಮೇಲೆ ಹೊರಗೆ ನಿಂತೇ ದಾಟಬೇಕು. "ಹೊರಗಿದ್ದವ ಬಿದ್ರೆ ಕೈಕಾಲಾದ್ರೂ ಬಡಿತಾನೆ, ಪೆಟ್ಟಿಗೆ ಒಳಗಿದ್ದವ ಎಂತ ಬಡೀತಾನೆ?" ಅನ್ನುತ್ತಿದ್ದರು. ದೊಡ್ಡ ಕಂಪನಿಯ ಪುಸ್ತಕದಲ್ಲೂ ಅದೇ ರೂಲು ಇತ್ತಂತೆ. ಆದರೆ ಒಂದು ದಿನ ಕಟ್ಟೆ ಕೆಲಸದ ಒಬ್ಬ ಎಂಜಿನಿಯರು ಮುಂದಿನ ಸೀಟಿನಿಂದ ಏಳಲಿಲ್ಲ. ಕಂಡಕ್ಟರು ಸೀಟಿಯನ್ನು ಜೇಬಿಗೆ ಹಾಕಿಕೊಂಡು, "ಸಾಹೇಬ್ರು ಒಬ್ರು ಇರ್ಲಿ ಬಿಡಿ" ಅಂದ. ಮಾವ ಗಳ ಕೆಳಗಿಟ್ಟು ದಡದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ಒಂದು ಕವಳ ಮುಗಿಯಿತು. ಎರಡನೆಯದಕ್ಕೆ ಅಡಿಕೆ ಕತ್ತರಿಸುವಾಗ ಸಾಹೇಬರು ಇಳಿದರು. "ನಿನ್ನ ಲೈಸೆನ್ಸ್ ತೆಗೆಸ್ತೀನಿ" ಅಂದರು. "ಆಚೆ ದಡ ಮುಟ್ಟಿದ ಮೇಲೆ ತೆಗೆಸಿ" ಅಂದರು ಮಾವ.

ಊರೆಲ್ಲ ಈ ಕತೆ ಹೇಳಿಕೊಂಡು ನಕ್ಕಿತು. ನಾನೂ ನಕ್ಕೆ. ಬೇರೆಯವರನ್ನು ಇಳಿಸಿದಾಗ ನಗುವುದು ಸುಲಭ.

ಆ ಆಷಾಢದಲ್ಲಿ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಾವನಿಗೆ ಒಬ್ಬಳೇ ಮಗಳು. ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆ ಆಗಲಿಲ್ಲ. ಸೂಲಗಿತ್ತಿ ಗಟ್ಟಿ ಹೆಂಗಸು, ಸುಳ್ಳು ಹೇಳುವವಳಲ್ಲ. "ನನ್ನ ಕೈಲಿ ಆಗಲ್ಲ, ಸಾಗರದ ಆಸ್ಪತ್ರೆಗೆ ಹಾಕಿ. ಇವತ್ತೇ" ಅಂದಳು. ಮಾವನೂ ಗಂಡನೂ ಬೆಳಗ್ಗೆಯೇ ಕಡವಿಗೆ ಹೋಗಿದ್ದರು. ಮನೆ ಕಡವಿನಿಂದ ಎರಡು ಮೈಲಿ ಈಚೆ, ಹೊಸನಗರದ ಕಡೆ. ಅಕ್ಕಪಕ್ಕದವರು ಕಂಬಳಿಯಲ್ಲಿ ಅವಳನ್ನು ಹೊತ್ತು ರಸ್ತೆಗೆ ತಂದರು. ತೀರ್ಥಹಳ್ಳಿ ಬಸ್ಸಿಗೆ ಕೈ ಅಡ್ಡ ಹಾಕಿದೆವು. ಅದು ನಿಂತಿತು. ಹಿಂದಿನ ಉದ್ದ ಸೀಟನ್ನು ಪೂರ್ತಿ ಖಾಲಿ ಮಾಡಿ ಕೊಟ್ಟರು.

ಅಲ್ಲಿ ನಾನು ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಕಾಯಿಲೆಯವರನ್ನು ಗಾಡಿಯಲ್ಲಿ ಒಯ್ಯುವಾಗ ಉರುಳಿ ಬೀಳಬಾರದು ಅಂತ ಸೀರೆಯಲ್ಲಿ ಕಟ್ಟುತ್ತಾರೆ. ನಾನೂ ನನ್ನ ಹಳೆ ಸೀರೆಯನ್ನು ಎದೆಯ ಮೇಲೊಂದು ಸುತ್ತು, ತೊಡೆಯ ಮೇಲೊಂದು ಸುತ್ತು ತಂದು ಸೀಟಿನ ಹಲಗೆಗೆ ಬಿಗಿದೆ. ಒದ್ದೆ ಬಟ್ಟೆಯ ಗಂಟು. ಬಲವಾಗಿ ಕಟ್ಟಿದೆ ಅಂತ ನನಗೇ ಸಮಾಧಾನ.

ಕಡವಿನಲ್ಲಿ ಹೊಳೆ ಕೆಂಪಗೆ ತುಂಬಿತ್ತು. ಬಸ್ಸಿನಿಂದ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಮಾವ ಒಳಗೆ ಹತ್ತಿದರು. ಮಗಳ ಮುಖ ನೋಡಿದರು. ಆಮೇಲೆ ಸೀರೆ ನೋಡಿದರು.

"ಇದನ್ನ ಕಟ್ಟಿದ್ಯಾರು?"

"ನಾನೇ ಮಾವಯ್ಯ. ಬೀಳಬಾರ್ದು ಅಂತ."

"ಬಿಚ್ಚು. ಇಳಿಸ್ಬೇಕು."

"ಅಪ್ಪಯ್ಯಾ, ನನ್ನ ಮುಟ್ಬೇಡ!" ಅಂತ ನಾದಿನಿ ಕಿರುಚಿದಳು. ಹೊರಗಿದ್ದವರು ಸೇರಿಕೊಂಡರು. "ಎಂತ ಮನುಷ್ಯನಾ ನೀನು? ಸ್ವಂತ ಮಗಳಲ್ದನಾ?" "ಒಂದು ಸಲ ಬಿಡು ಮಾರಾಯ!" ಅಂದರು. ನನ್ನ ಗಂಡ ಗಳ ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಿದ್ದ. ನಾನು ಸೊಸೆ, ಮಾವನಿಗೆ ಎದುರಾಡಿದವಳಲ್ಲ. ಅವತ್ತು ಆಡಿದೆ.

"ನಿಮ್ಮ ಕಾನೂನು ಆ ಸಾಹೇಬನಿಗೆ ಇಟ್ಕೊಳ್ಳಿ. ಇವಳನ್ನ ಕೊಲ್ಬೇಡಿ" ಅಂದೆ.

ಅವರು ಸಿಟ್ಟಾಗಲಿಲ್ಲ. ಗಂಟಿನ ಮೇಲೆ ಬೆರಳಿಟ್ಟರು. "ಈ ಗಂಟು ನೀರೊಳಗೆ ಬಿಚ್ತೀಯಾ ನೀನು? ಕಣ್ಣು ಕಾಣದಲ್ಲಿ?"

ಸುರಕ್ಷಿತ ಅಂತ ನಾನೇ ಅವಳನ್ನು ಆ ಡಬ್ಬಿಗೆ ಕಟ್ಟಿ ಹಾಕಿದ್ದೆ. ಡಬ್ಬಿಯ ಚಕ್ರಕ್ಕೆ ಒಂದು ಕಲ್ಲು, ಬಾಗಿಲಿಗೆ ಒಂದು ಹಗ್ಗ. ಅಷ್ಟರ ಮೇಲೆ ತುಂಬಿದ ಹೊಳೆ. ಗಂಟು ಬಿಚ್ಚಲು ಹೋದರೆ ಅಲ್ಲೇ, ಹಗಲು ಬೆಳಕಿನಲ್ಲೇ, ನನ್ನ ಕೈಗೆ ಬಿಚ್ಚಲಾಗಲಿಲ್ಲ.

ಮಾವ ಡ್ರೈವರಿಗೆ ಹೇಳಿದರು, "ನಿನ್ನ ಬಸ್ಸು ಇಲ್ಲೇ ಇರ್ಲಿ. ಹಗುರ ಜಂಗಲ್ ಬೇಗ ಮುಟ್ತದೆ. ಆಚೆ ಆ ಕಂಪನಿ ಬಸ್ಸು ನಿಂತಿದೆ. ಅದರಲ್ಲಿ ಹೋಗ್ಲಿ."

ಡ್ರೈವರಿಗೆ ಮುಖ ಕೆಂಪಾಯಿತು. "ಕೈ ತೋರಿದಲ್ಲಿ ನಿಲ್ಸಿ ಕರ್ಕೊಂಡು ಬಂದವ ನಾನು. ಈಗ ಆ ಖಾಕಿಯವನ ಬಸ್ಸು ಬೇಕಾಯ್ತಾ? ಅವ ನಿಲ್ಸ್ತಿದ್ನಾ?"

"ನಿಲ್ಸ್ತಿರ್ಲಿಲ್ಲ" ಅಂದರು ಮಾವ. "ನೀನು ಒಳ್ಳೆಯವ. ನಿನ್ನ ಬ್ರೇಕು ಒಳ್ಳೇದಲ್ಲ."

ಆ ಮನುಷ್ಯ ಒಳಗೆ ಹತ್ತಿ, ಆ ಉದ್ದ ಸೀಟಿನ ಒಂದು ತುದಿ ಹಿಡಿದು ಎತ್ತಿದ. ಸೀಟಿಗೆ ಸೀಟೇ ಮೇಲೆ ಬಂತು.

"ನಟ್ಟು ಬಿಚ್ಚೋದು ಬೇಡ್ವಾ?" ಅಂದೆ.

"ಹಾಕಿದ್ರೆ ತಾನೆ ಬಿಚ್ಚೋದು" ಅಂದ.

ಗಂಟು ಬಿಚ್ಚದೆ, ಸೀಟಿನ ಹಲಗೆಯ ಮೇಲೇ ಅವಳನ್ನು ನಾಲ್ಕು ಜನ ಹೊತ್ತು ಬಾಗಿಲಿಂದ ಇಳಿಸಿದರು. ಜಂಗಲಿನ ಮೇಲೆ ಇಟ್ಟ ಮೇಲೆ ಮಾವ ಅಡಿಕೆ ಕತ್ತರಿಯಿಂದ ನನ್ನ ಸೀರೆ ಕತ್ತರಿಸಿದರು. ಮಳೆಯಲ್ಲಿ ಅವಳು ಮಲಗಿದ್ದಳು, ನಾನು ಕಂಬಳಿ ಹಿಡಿದೆ. ಡ್ರೈವರೂ ಬಂದು ಒಂದು ಗಳಕ್ಕೆ ಕೈ ಹಾಕಿದ. ಖಾಲಿ ಜಂಗಲ್ ಹೋದ ವೇಗ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಸ್ಸು ಹತ್ತಿಸಿ, ಚಕ್ರಕ್ಕೆ ಕಲ್ಲು ಅಡ್ಡ ಕೊಟ್ಟು, ಸರಿಮಾಡಿ ಹೊರಡಲು ಹಿಡಿಯುವ ಹೊತ್ತಿನಲ್ಲಿ ನಾವು ಆಚೆ ದಡದಲ್ಲಿದ್ದೆವು. ಮಾವ ಡ್ರೈವರಿಗೆ ಹೇಳಿದ್ದ ಲೆಕ್ಕ ತಪ್ಪಿರಲಿಲ್ಲ.

ಆಚೆ ಕಂಡಕ್ಟರು ಪುಸ್ತಕ ಹಿಡಿದು ಅಡ್ಡ ನಿಂತ. "ಹಿಂದಕ್ಕೆ ಹೋಗೋಕೆ ಆರ್ಡರ್ ಇಲ್ಲ. ಆಫೀಸಲ್ಲಿ ಕೇಳ್ಬೇಕು. ಈ ಪ್ಯಾಸೆಂಜರ್ನೆಲ್ಲ ಏನ್ಮಾಡ್ಲಿ?"

ಅವರ ಡ್ರೈವರು ನಡುವಯಸ್ಸಿನವನು, ಬೋಳುತಲೆ. ಹತ್ತಿರ ಬಂದು ನಾದಿನಿಯನ್ನು ನೋಡಿದ. "ಪ್ಯಾಸೆಂಜರ್ ದೋಣೀಲಿ ದಾಟ್ಲಿ, ಆಚೆ ಬಸ್ಸು ನಿಂತಿದೆ. ಡ್ರೈವರು ಹಿಂದಕ್ಕೆ ಹೊಡ್ದ ಅಂತ ಬರ್ಕೊ. ನಾನೇ ಸೈನ್ ಹಾಕ್ತೀನಿ."

ಅವಳನ್ನು ಒಳಗೆ ಮಲಗಿಸಿದೆವು. ಇವನಿನ್ನು ಹಾರಿಸಿಕೊಂಡು ಹೋಗುತ್ತಾನೆ ಅಂದುಕೊಂಡೆ. ಅವನು ಕೆಳಗಿಳಿದ. ಬಸ್ಸಿನ ಸುತ್ತ ನಡೆದ. ಒಂದೊಂದೇ ಟೈರು ಒದ್ದ. ಬಗ್ಗಿ ಅಡಿಗೆ ನೋಡಿದ. ಹತ್ತಿ ಕೂತು ಬ್ರೇಕು ಒತ್ತಿ ಬಿಟ್ಟ, ಮತ್ತೆ ಒತ್ತಿ ಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

"ಇಲ್ಲಿ ಜೀವ ಹೋಗ್ತಿದೆ, ನೀವು ಟೈರು ಒದೀತಿದೀರಾ?"

"ಅದ್ಕೇ ಒದೀತಿದೀನಿ ಕಣಮ್ಮ" ಅಂದ, ತಿರುಗಿ ನೋಡದೆ.

ದಡದ ರಸ್ತೆಯಲ್ಲಿ ಬಸ್ಸು ತಿರುಗಿಸಲು ಜಾಗವಿರಲಿಲ್ಲ. ಒಂದು ಕಡೆ ಕಡಿದ ಮಣ್ಣಿನ ಧರೆ, ಒಂದು ಕಡೆ ಹೊಳೆಯ ಇಳಿಜಾರು, ಕೆಂಪು ಮಣ್ಣು ಬೆಣ್ಣೆಯಾಗಿತ್ತು. ಅಗಲ ಜಾಗ ಸಿಗುವ ತನಕ ಹಿಮ್ಮುಖವಾಗಿಯೇ ಏರಬೇಕು. ಆಗಲೇ ಪುಸ್ತಕ ಹಿಡಿದು ತಗಾದೆ ಮಾಡಿದ ಕಂಡಕ್ಟರು, ಅದೇ ಮನುಷ್ಯ, ಮಳೆಯಲ್ಲಿ ಬಸ್ಸಿನ ಹಿಂದೆ ಇಳಿದು ನಡೆದ. ಒಂದೊಂದು ಮಾರಿಗೂ ಸೀಟಿ. ಸರಿ ಇದ್ದರೆ ಎರಡು ಸಲ, ನಿಲ್ಲಿಸು ಅಂದರೆ ಒಂದು ಉದ್ದ ಸೀಟಿ. ಉದ್ದ ಸೀಟಿ ಬಂದಾಗಲೆಲ್ಲ ಬಸ್ಸು ನೆಟ್ಟ ಕಂಬದ ಹಾಗೆ ನಿಂತಿತು. ಒಂದು ಗೇಣೂ ಕೆಳಕ್ಕೆ ಜಾರಲಿಲ್ಲ. ಒಳಗೆ ನಾದಿನಿ ಚೀರುತ್ತಿದ್ದಳು. ಹೊರಗೆ ಸೀಟಿ ಒಂದು ಚೂರೂ ಅವಸರವಾಗಲಿಲ್ಲ. ನಾನು ಅಳುವುದು ಮರೆತು ಕಿವಿಗೊಟ್ಟೆ. ದೇವಸ್ಥಾನದಲ್ಲಿ ಗಂಟೆ ಕೇಳಿದಾಗಲೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ. ಇಷ್ಟು ಜನ ಇಷ್ಟು ಸಣ್ಣ ಸಣ್ಣ ಕೆಲಸವನ್ನು ಒಂದೂ ಬಿಡದೆ ಮಾಡುತ್ತಿದ್ದಾರಲ್ಲ, ಯಾರಿಗೋಸ್ಕರ, ಗುರುತಿಲ್ಲದ ಒಬ್ಬಳಿಗೋಸ್ಕರ, ಅಂತ ಅನ್ನಿಸಿತು.

ಸಾಗರದ ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ನನಗೆ ಬೈದಳು. "ಎರಡು ದಿನ ಮನೇಲಿಟ್ಕೊಂಡು ಪೂಜೆ ಮಾಡ್ತಿದ್ರಾ?" ಬೈಗುಳ ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಇಕ್ಕಳ ಹಾಕಿ ಮಗುವನ್ನು ತೆಗೆದರು. ಹೆಣ್ಣು. ತಲೆ ಒಂದು ಕಡೆ ಸೊಟ್ಟ, ಕೂಗು ಮಾತ್ರ ನೆಟ್ಟಗಿತ್ತು. ತಾಯಿಯೂ ಉಳಿದಳು.

ಮಾವ ಮಾರನೇ ದಿನ ಬಂದರು, ರಾತ್ರಿ ಸಾಗರದ ಕಡೆ ದಡದಲ್ಲೇ ತಂಗಿದ್ದ ಅದೇ ತೀರ್ಥಹಳ್ಳಿ ಬಸ್ಸಿನಲ್ಲಿ. ನಾದಿನಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದ್ದಳು. ಅಪ್ಪ ಮಳೆಯಲ್ಲಿ ಹಲಗೆಯ ಮೇಲೆ ಹಾಕಿದ್ದನ್ನು ಅವಳು ಮರೆತಿರಲಿಲ್ಲ.

"ನಿನ್ನೆ ಆ ಬಸ್ಸು ದಾಟ್ಲಿಲ್ವಾ ಅಪ್ಪಯ್ಯ?" ಅಂದಳು, ಗೋಡೆಗೇ.

"ದಾಟ್ತು. ಕಂಪನಿ ಬಸ್ಸಿನವ್ರನ್ನ ಹೊಸನಗರಕ್ಕೆ ಬಿಟ್ಟು ಬಂದ್ಮೇಲೆ ಸಾಯಂಕಾಲ ದಾಟಿಸ್ದೆ."

"ಎಂತಾದ್ರೂ ಆಯ್ತಾ?"

"ಎಂತೂ ಆಗ್ಲಿಲ್ಲ."

"ಮತ್ತೆ? ನಾನು ಒಳಗೇ ಮಲ್ಗಿದ್ರೆ?"

ಮಾವ ಸುಳ್ಳು ಜೋಡಿಸಬಹುದಿತ್ತು. ಬಸ್ಸು ವಾಲಿತು, ಹಲಗೆ ಮುರಿಯಿತು ಅಂತ ಹೇಳಿದ್ದರೆ ಮಗಳ ಸಿಟ್ಟು ಆವತ್ತೇ ಇಳಿಯುತ್ತಿತ್ತು. ಅವರು ಹೇಳಲಿಲ್ಲ. "ಮಲ್ಗಿದ್ರೂ ಏನೂ ಆಗ್ತಿರ್ಲಿಲ್ಲ ನಿನ್ನೆ" ಅಂದರು. "ಅದು ನಂಗೆ ಇವತ್ತು ಗೊತ್ತು."

ಅವಳು ಈಚೆ ಹೊರಳಿ, ಸಿಟ್ಟು ಬಿಡದೆಯೇ, "ಅತ್ತಿಗೆ, ಮಗೂನ ಅಪ್ಪಯ್ಯನ ಕೈಗೆ ಕೊಡು" ಅಂದಳು.

ನಾನು ಎತ್ತಿ ನೀಡಿದೆ. ಮಾವ ಕೈ ಚಾಚಲಿಲ್ಲ. ಮೊದಲು ಹೆಗಲ ಟವಲಿನಲ್ಲಿ ಒದ್ದೆ ಕೈ ಒರೆಸಿಕೊಂಡರು. ನೆಲದಲ್ಲಿ ನೀರಿದೆಯೋ ಅಂತ ಕಾಲಿನಲ್ಲಿ ಸವರಿ ನೋಡಿದರು. ಗೋಡೆಗೆ ಬೆನ್ನು ಕೊಟ್ಟು ಚಕ್ಕಂಬಟ್ಟಲೆ ಹಾಕಿ ಕೂತರು. ಎರಡೂ ಕೈ ಮಡಿಲಿನಲ್ಲಿ ಜೋಡಿಸಿಟ್ಟುಕೊಂಡು ತಲೆ ಎತ್ತಿದರು.

"ಈಗ ಕೊಡು" ಅಂದರು.