ಕಂಬಳಿ ಹೋದಷ್ಟು ದೂರ

ಸಣ್ಣಬೀರಪ್ಪ ಸೊಂಟದವರೆಗೆ ಮಾತ್ರ ಮನುಷ್ಯ, ಅದರ ಕೆಳಗೆ ಬೇರು ಅನ್ನುತ್ತಿದ್ದರು ನೆರೆಯವರು. ಬೆಳಗಾದರೆ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತವನು ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದುದು. ಸೊರಬದ ಕಡೆ ಅಣ್ಣನ ಜೊತೆ ಕುರಿ ಮೇಯಿಸಿಕೊಂಡಿದ್ದವನು ಹಾಲಮ್ಮನ ಕೈಹಿಡಿದು ತೊಗರ್ಸಿಗೆ ಮನೆಯಳಿಯನಾಗಿ ಬಂದಿದ್ದ. ಮರಳಿ ಹಿಂಡಿಗೆ ಹೋಗುತ್ತೇನೆಂದು ಕೇಳಿದಾಗೆಲ್ಲ ಮಾವ ರಂಗಪ್ಪನದು ಒಂದೇ ಮಾತು, ಮಗ್ಗ ಬರಿದಾದ ದಿನ ಹೋಗು. ಬರಿದಾಗುವುದುಂಟೇ? ನೇಯ್ದ ಕಂಬಳಿಯನ್ನು ಮಗ್ಗದಿಂದ ಕೊಯ್ಯುವ ಮೊದಲೇ ಅದರ ತುದಿಗೆ ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಗಂಟುಹಾಕಬೇಕು. ಬರಿ ಮಗ್ಗ ಮನೆಗೆ ಸೂತಕ, ಅದು ನಮ್ಮವರ ಕಟ್ಟಳೆ.

ಶಿರಾಳಕೊಪ್ಪದ ಸಂತೆ ಮುಗಿಸಿ ವ್ಯಾಪಾರಿಗಳು ಮನೆಗೇ ಬರುತ್ತಿದ್ದರು. ಮಿರಜದವನು ಕಾಂಬಳೆ ಎಂದರೆ ಹಾನಗಲ್ಲಿನ ಸಾಹೇಬರು ಕಂಬಲ್ ಅನ್ನುವರು, ಸೇಲಂ ಕಡೆಯವನು ನಮ್ಮ ಹಾಗೇ ಕಂಬಳಿ ಅನ್ನುವನು. ಪುರಾಣ ಹೇಳಲು ಬಂದ ಶಾಸ್ತ್ರಿಗಳು, ವೇದದಲ್ಲೇ ಅದು ಕಂಬಲವೆಂದಿದೆ, ಹಸುವಿನ ಕೊರಳಡಿ ಜೋಲುವ ತೊಗಲಿಗೂ ಗಲಕಂಬಲವೆಂದೇ ಹೆಸರು ಎಂದರು. ರಂಗಪ್ಪ ಒಪ್ಪಲಿಲ್ಲ. ಕುರಿ ನಮ್ಮದು, ಹೆಸರೂ ನಮ್ಮದೇ, ಎಲ್ಲರೂ ಹೊತ್ತೊಯ್ದದ್ದು ಇಲ್ಲಿಂದಲೇ ಎಂದ. ಯಾರು ಯಾರಿಗೆ ಕೊಟ್ಟರೋ, ಕಂಡವರಾರು. ಭಾಷೆಗೊಂದು ರಾಜ್ಯವೆಂದು ಗೆರೆ ಎಳೆದ ಮರುವರ್ಷವದು. ಆ ಗೆರೆಗಳನ್ನೆಲ್ಲ ದಾಟಿ ಕಂಬಳಿ ಓಡಾಡಿಕೊಂಡಿತ್ತು.

"ಮಾತು ಅಷ್ಟು ದೂರ ತಿರುಗೈತಿ ಮಾವ," ಅಂದ ಸಣ್ಣಬೀರಪ್ಪ, ಕುಣಿಯೊಳಗಿಂದ. "ನೇಯ್ದೋನು ಹಿತ್ಲು ದಾಟಿಲ್ಲ."

ಬೇರೆಯವರಿಗೆ ಕಂಬಳಿಯೆಂದರೆ ಹೊದಿಕೆ. ನಮ್ಮ ಕುರುಬರಿಗೆ ಗದ್ದಿಗೆ ಕೂಡ. ಕರಿಕಂಬಳಿ ಹಾಸಿ ಕೂತು ಆಡಿದ ಮಾತಿಗೆ ತಪ್ಪುವಂತಿಲ್ಲ. ಯಾರದೋ ಹೊಲದ ಬದುವಿನ ನ್ಯಾಯಕ್ಕೆ ಹಿರಿಯರು ಮನೆಯಲ್ಲಿ ಸೇರಿದ ದಿನ, ಗದ್ದಿಗೆಯ ಮೇಲಿದ್ದ ಅಪ್ಪನನ್ನು ಹಾಲಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಅಪ್ಪ, ನಮ್ಮನೆಯವ್ರು ಹಿಂಡಿಗೆ ಹೋಗೋದು ಯಾವಾಗ? ಅಲ್ಲೇ ಕೂತು ಹೇಳಿಬಿಡು."

"ಮಗ್ಗ ಬರಿದಾದ ದಿನ," ಎಂದು ರಂಗಪ್ಪ ನಕ್ಕ. ಹಿರಿಯರೂ ನಕ್ಕರು.

ಮಗ್ಗದ ಮೇಲಿದ್ದ ಕಂಬಳಿಯ ನೇಯ್ಗೆ ತುದಿ ಮುಟ್ಟಿದಾಗ ಸಣ್ಣಬೀರಪ್ಪ ಹೊಸ ಹಾಸು ಗಂಟುಹಾಕಲಿಲ್ಲ, ಕೊಯ್ದುಬಿಟ್ಟ. ಬರಿ ಮಗ್ಗ ಕಂಡು ರಂಗಪ್ಪನ ಬಾಯಿ ತೆರೆಯಿತು, ಆದರೆ ಗದ್ದಿಗೆಯ ಮೇಲೆ ಆಡಿದ ಮಾತನ್ನು ನುಂಗುವುದು ಹೇಗೆ? ಅಳಿಯ ಕಂಬಳಿ ಮಡಿಸಿ ಅವನ ಮುಂದಿಟ್ಟು, ಕಾಲು ಮುಟ್ಟಿ, ಬರಿಗೈಲಿ ಹೊಸ್ತಿಲು ದಾಟಿದ. ಹಾಲಮ್ಮ ಗಂಟು ಹೊತ್ತು ಆಗಲೇ ಮುಂದೆ ನಡೆದಿದ್ದಳು. ಅವನ ಕಾಲು ನೋಡಲೆಂದೇ ನೆರೆಯವರು ಜಗುಲಿಗೆ ಬಂದರು. ಮೇಕೆಯದಕ್ಕಿಂತ ಸಣಕಲು. ಸೊರಬದ ದಾರಿ ಹಿಡಿದರೂ, ಹೆಜ್ಜೆ ಇಟ್ಟಲ್ಲೆಲ್ಲ ಅವನ ಪಾದ ಮಗ್ಗದ ತುಳಿಯುವ ಹಲಗೆಯನ್ನೇ ತಡಕುತ್ತಿತ್ತು.