ಹಳೆಯ ಟೈರಿನ ಜೋಡಿಗೆ ಹೊಸ ಟೈರು

ಎತ್ತು ಬೇರೆ, ಮೋಟಾರಿನ ಟೈರು ಬೇರೆ ಎಂದು ಸಾಬೀತು ಮಾಡುವುದು ವಕೀಲನಾದವನಿಗೆ ಕಷ್ಟವಾಗಬಾರದು ನೋಡಿ. ಒಂದಕ್ಕೆ ಕೋಡಿವೆ, ಇನ್ನೊಂದಕ್ಕಿಲ್ಲ. ಒಂದು ಹುಲ್ಲು ತಿನ್ನುತ್ತದೆ, ಇನ್ನೊಂದು ಗಾಳಿ ಕುಡಿದು ಬದುಕುತ್ತದೆ. ಗೋಕಾಕದ ಕೋರ್ಟಿನಲ್ಲಿ ಇದಕ್ಕಿಂತ ಎಷ್ಟೋ ಬಡಕಲು ಪುರಾವೆಯ ಮೇಲೆ ನಾನು ದಾವೆ ಗೆದ್ದದ್ದುಂಟು. ಆದರೆ ಈ ಒಂದು ವ್ಯಾಜ್ಯವನ್ನು ಮಾತ್ರ ನಮ್ಮ ಬಸಲಿಂಗಪ್ಪ ಕಾಕಾನ ಎದುರು ಸೋತೆ. ಆ ಸೋಲಿನ ನೋವು ಇನ್ನೂ ನನ್ನ ಎರಡೂ ತೋಳುಗಳಲ್ಲಿದೆ.

ಕಾಕಾ ನಮ್ಮ ಮನೆಯ ಯಜಮಾನ. ಬೆಲ್ಲದ ವ್ಯಾಪಾರ, ತುಕ್ಕಾನಟ್ಟಿಯಲ್ಲಿ ಹೊಲ. ಮೂಡಲಗಿಯ ದನದ ಸಂತೆಯಲ್ಲಿ ಅವನು ಬೆನ್ನು ಸವರಿ ಆರಿಸಿದ ಎತ್ತು ಕೆಟ್ಟಿತೆಂದು ಯಾರೂ ಹೇಳಿಲ್ಲ. ಇಂಥವನು ಒಂದು ದಿನ, ತನ್ನ ದೇಶಕ್ಕೆ ಮರಳಿ ಹೊರಟಿದ್ದ ಯಾರೋ ಸಾಹೇಬನಿಂದ ಹಳೆಯದೊಂದು ಮೋಟಾರನ್ನು ಕೊಂಡು ತಂದ. ಇಡೀ ಮನೆಮಂದಿ, ಎರಡು ಗಂಟು, ಒಂದು ಹಿತ್ತಾಳೆ ಹಂಡೆ ಹಿಡಿಸುವಷ್ಟು ದೊಡ್ಡದು. ಅದನ್ನು ನಡೆಸಲು ಕಲಿತವನು ಮನೆಯಲ್ಲಿ ನಾನೊಬ್ಬನೇ. ಕಾಕಾ ಅದನ್ನು ದನಗಳ ಕೊಟ್ಟಿಗೆಯಲ್ಲೇ ಕಟ್ಟಿಸಿದ. ಕಟ್ಟಿಸಿದ ಎಂಬ ಮಾತನ್ನು ನಾನು ಸುಮ್ಮನೆ ಬಳಸಿಲ್ಲ. ಮುಂದಿನ ಗೂಟಕ್ಕೆ ಒಂದು ಹಗ್ಗವೂ ಇತ್ತು.

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ, ಅದು ಬಸವಣ್ಣನ ವಾರ. ಒಂದು ಸೋಮವಾರ ನಾನು ಹುಕ್ಕೇರಿಯಲ್ಲಿ ಕಕ್ಷಿಗಾರನೊಬ್ಬನನ್ನು ಕಾಣಲೆಂದು ಮೋಟಾರು ಹೊರತೆಗೆಯಲು ಹೋದರೆ ಅದರ ಹಣೆಗೆ ವಿಭೂತಿ, ಕಾಕಾ ಅಡ್ಡ.

“ತಮ್ಮಾ, ದುಡಿಯೂ ಪ್ರಾಣಿಗೆ ವಾರದಾಗ ಒಂದ ದಿನಾರೆ ದಣಿವು ಆರಬೇಕೋ ಬ್ಯಾಡೋ?”

“ಇದು ಪ್ರಾಣಿ ಅಲ್ಲರಿ ಕಾಕಾ, ಕಬ್ಬಿಣದ್ದು.”

“ಭಾರ ಹೊರತೈತಿಲ್ಲೋ? ಮುಗೀತು.”

ಮುಗಿಯಿತು. ಅಂದು ನಾನು ಹೋಗಲಿಲ್ಲ. ಕಕ್ಷಿಗಾರ ಬೇರೆ ವಕೀಲನನ್ನು ಹಿಡಿದ.

ಇಷ್ಟನ್ನಾದರೂ ತಡೆದುಕೊಂಡೇನು. ಟೈರಿನ ಪ್ರಶ್ನೆ ಎದ್ದದ್ದು ತಂಗಿ ನೀಲವ್ವನ ಕಾರಣದಿಂದ. ಪಂಚಮಿ ಹಬ್ಬಕ್ಕೆ ಬಂದವಳನ್ನು ನಿಡಸೋಸಿಯ ಅತ್ತೆಯ ಮನೆಗೆ ಬಿಡಲು ಹೋದಾಗ, ಅವರ ಮನೆಯ ಅಂಗಳದಲ್ಲೇ ಮುಂದಿನ ಬಲಗಡೆಯ ಟೈರು ಢಮ್ಮೆಂದು ಹಾರಿತು. ಕಟ್ಟೆಯ ಮೇಲಿನ ಕೋಳಿ ಮಾಳಿಗೆಯ ಮೇಲೆ ಹೋಯಿತು. ಅವಳ ಅತ್ತೆ, ನಮ್ಮ ಬೀಗತಿ ಗಂಗವ್ವನವರು, ಎದೆ ಹಿಡಿದುಕೊಂಡು ಕುಳಿತರು. ಮೋಟಾರಿಗೊಂದು ಹಳೆಯ ಗಾಲಿ ತೊಡಿಸಿಕೊಂಡು ಹೇಗೋ ಮನೆ ಸೇರಿದೆ. ಕೆಲವು ತಿಂಗಳಿಗೆ ನೀಲವ್ವ ಬಸುರಿಯೆಂಬ ಸುದ್ದಿಯ ಬೆನ್ನಿಗೇ ಗಂಗವ್ವನವರ ಮಾತೂ ಬಂತು: “ಆ ಗಾಲಿ ಮ್ಯಾಲ ನನ್ನ ಸೊಸಿನ್ನ ಕಳಸಂಗಿಲ್ಲ. ಪಾಡ, ಚಲೋ ಗಾಲಿ ಹಾಕಿಸ್ಕೊಂಡ ಬರ್ರಿ. ನನ್ನ ಮನಸಿಗೆ ಬಂದ್ರ ಕಳಸ್ತೇನಿ, ಇಲ್ಲಂದ್ರ ಬಾಣಂತನ ನಾನ ಮಾಡ್ತೇನಿ.”

ಚೊಚ್ಚಲ ಹೆರಿಗೆ ತವರಿನಲ್ಲಾಗದಿದ್ದರೆ ತಾಯಿಯಾದವಳು ನಾಲ್ಕು ಮಂದಿಗೆ ಹೇಗೆ ಮುಖ ತೋರಿಸಬೇಕು? ನಮ್ಮವ್ವ ಬಾಣಂತಿಯ ಖೋಲಿಯನ್ನು ಸಾರಿಸಿ, ಹೊರಸಿಗೆ ಹೊಸ ನುಲಿ ಹೆಣೆಸಿ ಕಾದಿದ್ದಳು. ಬಂಡಿಯಲ್ಲಿ ಕರೆತರೋಣವೆಂದರೆ ಸೂಲಗಿತ್ತಿ, ಅಷ್ಟು ದೂರ ಕುಲುಕಾಟ ಬೇಡವೇ ಬೇಡ ಎಂದಳು. ಅವ್ವ ನನ್ನ ಮುಂದೆ ಕಣ್ಣೀರು ತೆಗೆದು, “ನೀ ಸಾಲಿ ಕಲಿತದ್ದು ಯಾತಕ್ಕೋ? ಎರಡ ಗಾಲಿ ತರಾಕ ಆಗಂಗಿಲ್ಲ?” ಎಂದಳು.

ಎರಡು! ನಾನು ಹೇಳುತ್ತಿದ್ದದ್ದೂ ಅದನ್ನೇ. ಮುಂದಿನ ಬಲಗಡೆಯದು ಹಾರಿ ಹೋಗಿದೆ, ಎಡಗಡೆಯದು ಸವೆದು ನುಣ್ಣಗಾಗಿದೆ. ಎರಡನ್ನೂ ಬದಲಿಸಬೇಕು. ಇದನ್ನು ತಿಳಿಯಲು ಸಾಲಿ ಕೂಡ ಬೇಕಿಲ್ಲ. ಆದರೆ ಕಾಕಾ ನನ್ನನ್ನು ಎಳೆ ಮಗುವನ್ನು ನೋಡಿದಂತೆ ನೋಡಿದ.

“ಎರಡೂ ಎಳೇ ಹೋರಿ ಒಂದ ನೊಗಕ್ಕ ಹೂಡತಾರೇನೋ ಹುಚ್ಚಪ್ಪಾ? ಬಂಡಿ ಹಳ್ಳಕ್ಕ ಒಯ್ತಾವು. ಹೊಸಾದನ್ನ ಹಳೇದರ ಜೋಡಿ ಹೂಡಬೇಕು. ಹಳೇದು ದಾರಿ ಕಲಸ್ತೈತಿ.”

ಜಿಪುಣತನ ಎನ್ನೋಣವೆಂದರೆ ಅದೂ ಅಲ್ಲ. ಇದ್ದದ್ದರಲ್ಲಿ ಉತ್ತಮವಾದ ಟೈರನ್ನೇ ತರೋಣ ಎಂದವನು ಅವನೇ. ಒಂದೇ ಒಂದು, ಅಷ್ಟೆ. ಆಗ ನನಗೆ ಸೂರ್ಯದೇವನ ಮೇಲೆ ಹೊಟ್ಟೆಕಿಚ್ಚಾಯಿತು. ಪುರಾಣದವರು ಅವನ ರಥಕ್ಕೆ ಒಂದೇ ಗಾಲಿ ಕೊಟ್ಟಿದ್ದಾರೆ. ಏಕೆಂದು ಪಂಡಿತರು ಸಂವತ್ಸರ, ಋತು, ಮಾಸ ಎಂದು ಏನೇನೋ ಅರ್ಥ ಹೇಳುತ್ತಾರೆ. ನನಗೆ ಅರ್ಥವಾದದ್ದು ಬೇರೆ: ಅವನ ಮನೆಯಲ್ಲೂ ಒಬ್ಬ ಕಾಕಾ ಇದ್ದಿರಬೇಕು, ಜೋಡಿಯ ಜಗಳವೇ ಬೇಡವೆಂದು ಆತ ಒಂದರಲ್ಲಿ ಮುಗಿಸಿಕೊಂಡಿರಬೇಕು.

ಗೋಕಾಕದ ಪೇಟೆಯಲ್ಲಿ ಸೈಕಲ್ಲು, ಕಂದೀಲು, ಬೆಳಗಾವಿಯಿಂದ ತರಿಸಿದ ಟೈರು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಕಾಕಾ ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಟೈರುಗಳನ್ನು ಒಂದೊಂದಾಗಿ ಮೂಸಿದ. ಹೆಬ್ಬೆರಳಿನಿಂದ ಚಿವುಟಿ ಚರ್ಮ ನೋಡಿದ. ಎತ್ತಿನ ಮೈಮೇಲೆ ಹುಡುಕುವಂತೆ ಸುಳಿ ಎಲ್ಲಿದೆ ಎಂದು ಹುಡುಕಿ, ಪಕ್ಕದಲ್ಲಿ ಉಬ್ಬಿದ್ದ ಇಂಗ್ಲಿಷ್ ಅಕ್ಷರವೊಂದನ್ನು ಸವರಿ, “ಇದು ಪಾಡ ಐತಿ” ಎಂದ. ಆಮೇಲೆ, “ನಡಿಗಿ ನೋಡೂಣು, ಬಿಡ್ರಿ” ಎಂದ. ಅಂಗಡಿಯವನು ಟೈರನ್ನು ಬೀದಿಗೆ ಉರುಳಿಸಿಬಿಟ್ಟ. ಪೇಟೆ ಇಳಿಜಾರು. ಟೈರು ಬಾಳೆಹಣ್ಣಿನವಳ ಬುಟ್ಟಿಯನ್ನು ತಪ್ಪಿಸಿ, ಒಬ್ಬ ಮುದುಕನ ಧೋತರದ ಅಂಚನ್ನು ಸವರಿ, ಕೆಳಗಿನ ಗಟಾರದವರೆಗೆ ಓಡಿತು. ಹಿಂದೆ ಅಂಗಡಿಯವನು, ಅವನ ಹಿಂದೆ ಅರ್ಧ ಪೇಟೆ. ಕಾಕಾನಿಗೆ ಬಹಳ ಸಂತೋಷವಾಯಿತು. “ಚಲೋ ಚುರುಕ ಐತಿ” ಎಂದ.

ದರದ ಮಾತು ಬಂದಾಗ ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದು ಅಂಗಡಿಯವನ ಕೈಮೇಲೆ ಹಾಸಿದ. ಇದು ಬೆಳಗಾವಿಯ ಸಾಮಾನು, ಇದಕ್ಕೆ ಖಾಯಂ ದರ ಉಂಟು ಎಂದು ಅವನು ಸಿಡುಕಬಹುದೆಂದು ಕಾದೆ. ಎಲ್ಲಿಯ ಸಿಡುಕು! ಅವನ ಕೈ ತಾನಾಗಿ ಟವೆಲ್ಲಿನ ಕೆಳಗೆ ಸೇರಿತು. ದನದ ಸಂತೆಯ ದಲಾಲರಂತೆ ಇಬ್ಬರೂ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಮುಖ ಮಾತ್ರ ಆಕಾಶಕ್ಕೆ ಮಾಡಿ ನಿಂತರು. ಆ ಟೈರಿನ ಬೆಲೆ ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ.

ಬಲಕ್ಕೆ ಹೊಸದು, ಎಡಕ್ಕೆ ಹಳೆಯದು ಹೂಡಿ ನಿಡಸೋಸಿಗೆ ಹೊರಟೆವು. ಊರ ಸೀಮೆ ದಾಟುವ ಮೊದಲೇ ಶುರುವಾಯಿತು ನೋಡಿ. ಹೊಸದು ದಪ್ಪ, ಹಳೆಯದು ಸವೆದು ಗಿಡ್ಡ. ಮೋಟಾರು ಸುಮ್ಮಸುಮ್ಮನೆ ಎಡಕ್ಕೇ ಎಳೆಯುತ್ತಿತ್ತು. ಎಡಗಡೆಗೆ ಬಾವಿ ಕಂಡರೆ ಬಾವಿಗೆ, ಗೋವಿನಜೋಳದ ಹೊಲ ಕಂಡರೆ ಹೊಲಕ್ಕೆ. ಹುಕ್ಕೇರಿಯಲ್ಲಿ ಒಂದು ಚಹಾದಂಗಡಿಯ ಬೆಂಚಿನವರೆಗೂ ಹೋಯಿತು. ನಾನು ಎರಡೂ ಕೈಯಿಂದ ಸ್ಟಿಯರಿಂಗ್ ಚಕ್ರವನ್ನು ಬಲಕ್ಕೆ ಜಗ್ಗಿ ಹಿಡಿದು ಬೆವರಿಳಿಸುತ್ತಿದ್ದರೆ, ಪಕ್ಕದಲ್ಲಿ ಕಾಕಾ ಎಲೆ ಅಡಿಕೆ ಹಾಕಿಕೊಂಡು, “ಪಾಪ, ಹೊಸಾದು” ಎಂದ.

“ಎಳ್ಯಾಕತ್ತಿದ್ದು ಹಳೇದರಿ ಕಾಕಾ!” ಎಂದು ಕಿರುಚಿಯೇಬಿಟ್ಟೆ.

“ಮತ್ತ? ಹಂಗ ಕಲಸ್ತೈತಿ ಅದು.”

ನಿಡಸೋಸಿಯಲ್ಲಿ ಗಂಗವ್ವನವರು ನಮಗೆ ನೀರು ಕೊಟ್ಟವರೇ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದರು. ನೀಲವ್ವ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳ ಗಂಟು ಒಳಗೆ ಕಟ್ಟಿ ಸಿದ್ಧವಾಗಿತ್ತು. ಗಂಗವ್ವನವರು ಬಲಗಡೆಯದನ್ನು ತಟ್ಟಿದರು, ಎಡಗಡೆಯದನ್ನು ತಟ್ಟಿದರು. ಹುಬ್ಬು ಗಂಟಾಯಿತು.

“ಏನ್ರಿ ಬೀಗರ, ಒಂದ ಹೊಸಾದು, ಒಂದ ಹಳೇದು?”

ಮುಗಿಯಿತು ಕಥೆ ಎಂದುಕೊಂಡೆ. ಅವ್ವನ ಹೊರಸು, ಹೊಸ ನುಲಿ ಕಣ್ಣೆದುರು ಬಂದವು. ಕಾಕಾನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹಿರಿಯನಲ್ಲದಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಕಾಕಾ ನಿಧಾನವಾಗಿ ಎಲೆ ಉಗುಳಿ ಬಂದು, ಹೋರಿ, ನೊಗ, ಹಳ್ಳ ಎಲ್ಲವನ್ನೂ ಹೇಳಿದ. ಗಂಗವ್ವನವರ ಹುಬ್ಬು ಇಳಿಯಿತು.

“ಖರೆ ಅಂದ್ರಿ. ಎರಡೂ ಹೊಸಾವ ಹಾಕಿ ತಂದಿದ್ರ ನಾ ಕಳಸ್ತಿದ್ದಿಲ್ಲ. ನೀಲಾ, ಗಂಟ ತಗೊಂಬಾ.”

ನಾನು ಬಾಯಿ ತೆರೆದೆ. ನೀಲವ್ವ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ಬಾಯಿ ಮುಚ್ಚಿದೆ.

ಮರಳುವ ದಾರಿಯಲ್ಲಿ ನನ್ನ ಕುಸ್ತಿ ನೋಡಿ ನೀಲವ್ವ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ನಕ್ಕಳು. “ಅಣ್ಣಾ, ಮೊದಲನೇ ವರ್ಷ ಅತ್ತಿಗೂ ನನಗೂ ಹಿಂಗ ಆಗಿತ್ತು. ಅಕಿ ಒಂದ ಕಡೆ ಎಳೀತಿದ್ದಳು, ನಾ ಒಂದ ಕಡೆ.”

“ಈಗ?” ಎಂದೆ, ಹಲ್ಲು ಕಚ್ಚಿ ಚಕ್ರ ಹಿಡಿದು.

“ಈಗ ಇಬ್ಬರೂ ಸವದೇವಿ.”

ಅವ್ವನ ಖೋಲಿಯಲ್ಲೇ ಹೆಣ್ಣು ಮಗು ಹುಟ್ಟಿತು. ಗಂಗವ್ವನವರು ಬಂದು ನೋಡಿ, ಮೂಗು ತಮ್ಮದೆಂದು ಹೇಳಿ ಹೋದರು. ಅಷ್ಟರಲ್ಲಿ ನಾನು ಹುಕ್ಕೇರಿ, ಮೂಡಲಗಿ, ಗೋಕಾಕ ಫಾಲ್ಸು ಎಂದು ಅದೇ ಮೋಟಾರನ್ನು ಬೈಯುತ್ತಾ ಓಡಾಡಿಸಿದ್ದೆ. ಒಂದು ದಿನ ತುಕ್ಕಾನಟ್ಟಿಯ ದಾರಿಯಲ್ಲಿ ಏನೋ ಕಳೆದುಕೊಂಡಂತಾಯಿತು. ನೋಡಿದರೆ, ಕೈಗೆ ನೋವಿಲ್ಲ. ಮೋಟಾರು ನೆಟ್ಟಗೆ ಹೋಗುತ್ತಿದೆ. ಇಳಿದು ನೋಡಿದೆ: ಹೊಸ ಟೈರು ಸವೆದು ಸವೆದು ಹಳೆಯದರಷ್ಟೇ ನುಣ್ಣಗಾಗಿತ್ತು.

ಕಾಕಾ ಬಗ್ಗಿ ಎರಡನ್ನೂ ತಟ್ಟಿದ. “ನೋಡಿದ್ಯಾ? ಕಲೀತು.”

ಇದಕ್ಕೆ ನಾನು ಯಾವ ಕಾನೂನಿನ ಪುಸ್ತಕ ತೆಗೆಯಲಿ, ಹೇಳಿ.

ಮಗುವನ್ನೂ ನೀಲವ್ವನನ್ನೂ ನಿಡಸೋಸಿಗೆ ಕಳಿಸುವ ದಿನ ಹತ್ತಿರ ಬಂತು. ಗಾಲಿ ನೋಡಿಕೊಂಡು ಬರ್ರಿ ಎಂದು ಬೀಗತಿಯ ಮಾತೂ ಬಂತು. ಸಂಜೆ ಕೊಟ್ಟಿಗೆಯಲ್ಲಿ ಕಾಕಾ, “ಏನ ಮಾಡೂಣೋ ತಮ್ಮಾ? ನಿನ್ನ ಮಾತಿನಂಗ ಈ ಸಲ ಎರಡೂ ಹೊಸಾವ ತರೂಣೇನು?” ಎಂದ. ಎಷ್ಟು ದಿನದಿಂದ ಕಾದ ಮಾತು ಅದು! ವಾದವೆಲ್ಲ ನಾಲಗೆಯ ತುದಿಯಲ್ಲಿತ್ತು. ತೊಟ್ಟಿಲಲ್ಲಿ ಮಗು ಅಳುವುದು ಕೇಳಿಸಿತು. ನೀಲವ್ವ ಅದಕ್ಕೆ, ತನ್ನ ಅತ್ತೆಯ ರಾಗದಲ್ಲೇ, ಜೋಗುಳ ಹಾಡುತ್ತಿದ್ದಳು.

“ಬ್ಯಾಡ್ರಿ ಕಾಕಾ,” ಎಂದೆ. “ಎಡಗಡೆದು ಇರಲಿ. ಬಲಕ್ಕ ಒಂದ ಹೊಸಾದು ಸಾಕು.”

ಕಾಕಾ ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಹೆಗಲಿಗೆ ಹಾಕಿದ. ಮರುದಿನ ಸೋಮವಾರವಾದ್ದರಿಂದ, ಮಂಗಳವಾರ ಅಂಗಡಿಗೆ ಹೋದೆವು.